ಮಹಡಿ ಎಣಿಸುವ ಮೊದಲು ಗ್ರೌಂಡ್ ಫ್ಲೋರ್ ನೋಡಿ: ಕಲಬುರಗಿಯ ಹಳೆ ಓಣಿಗಳಲ್ಲಿ ಹೊಸ ಮನೆಗಳು

ಕಲಬುರಗಿಯ ಹಳೆ ಕಾಲೊನಿಗಳಲ್ಲಿ ಈಗ ಹೆಚ್ಚುಕಡಿಮೆ ಒಂದೇ ತರಹದ ಜಗಳ. ನಲವತ್ತು ವರ್ಷದ ಒಂದು ಮನೆ. ಕಂಪೌಂಡಿನೊಳಗೆ ಬೇವಿನ ಮರ, ಪಕ್ಕದಲ್ಲಿ ಎರಡು ಸ್ಕೂಟರ್ ನಿಲ್ಲುವಷ್ಟು ಜಾಗ. ಯಜಮಾನರು ತೀರಿಕೊಂಡಿದ್ದಾರೆ. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ. ಮನೆ ನಾಲ್ಕು ಪಾಲಾಗಬೇಕು, ಆದರೆ ಪಡಸಾಲೆಯನ್ನು ನಾಲ್ಕು ತುಂಡು ಮಾಡುವುದು ಹೇಗೆ? ಬಿಲ್ಡರ್ ಬರುತ್ತಾನೆ. ಜಾಗ ನಿಮ್ಮದು, ಖರ್ಚು ನಂದು, ಫ್ಲ್ಯಾಟ್ ಅರ್ಧರ್ಧ ಅನ್ನುತ್ತಾನೆ. ಮುಂದಿನ ತಿಂಗಳು ಜೆಸಿಬಿ.

ಆಗ ಓಣಿಯ ಮಂದಿ ಪಾಲಿಕೆಗೆ ಅರ್ಜಿ ಬರೆಯುತ್ತಾರೆ: ಅಪಾರ್ಟ್‌ಮೆಂಟ್ ಬಂದರೆ ನಮ್ಮ ಏರಿಯಾ ಹಾಳಾಗುತ್ತದೆ. ಕಟ್ಟುವವರ ಉತ್ತರವೂ ತಯಾರಿರುತ್ತದೆ: "ನಮ್ ಜಾಗಾ, ನಮ್ ಪರ್ಮಿಷನ್. ನಿಮಗೇನ್ರಿ ತ್ರಾಸ?"

ಈ ಜಗಳದಲ್ಲಿ ಎರಡೂ ಕಡೆಯವರು ಎಣಿಸುವುದು ಮಹಡಿಗಳನ್ನು. ಮೂರಕ್ಕೆ ನಿಲ್ಲಿಸಿ ಅಂತ ಇವರು, ಐದು ಆಗಲೇಬೇಕು ಅಂತ ಅವರು. ನನ್ನ ಪ್ರಕಾರ ತಪ್ಪು ಲೆಕ್ಕ ಹಿಡಿದು ಕೂತಿದ್ದಾರೆ. ಓಣಿ ಕೆಡುವುದು ಎತ್ತರದಿಂದ ಅಲ್ಲ, ಅಥವಾ ಎತ್ತರದಿಂದ ಮಾತ್ರ ಅಲ್ಲ. ಕಟ್ಟಡ ರಸ್ತೆಗೆ ಹೇಗೆ ಮುಖ ಮಾಡುತ್ತದೆ, ನೆಲದೊಳಗಿನ ಪೈಪುಗಳ ಮೇಲೆ ಎಷ್ಟು ಭಾರ ಹಾಕುತ್ತದೆ, ಒಳಗೆ ಏನು ನಡೆಯುತ್ತದೆ ಎನ್ನುವುದರಿಂದ ಕೆಡುತ್ತದೆ. ಇದು ಯಾಕೆ ಅಂತ ಸ್ವಲ್ಪ ವಿವರವಾಗಿ ನೋಡೋಣ.

ಹೊಸ ಮನೆ ಬೇಡ ಅನ್ನುವಂತಿಲ್ಲ

2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನಸಂಖ್ಯೆ ಸುಮಾರು 5.3 ಲಕ್ಷ. ಊರು ಬೆಳೆಯುತ್ತಲೇ ಬಂದದ್ದು ಕಣ್ಣಿಗೇ ಕಾಣುತ್ತದೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. 2009ರಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ. ಹೈಕೋರ್ಟ್ ಪೀಠ 2008ರಲ್ಲಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ. ಈ ಭಾಗದವರಿಗೆ ಓದು, ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ಸರ್ಕಾರಿ ಕೆಲಸಕ್ಕೆ ಓದುವ ಹುಡುಗರು ಯಾದಗಿರಿ, ರಾಯಚೂರು, ಬೀದರ್‌ನಿಂದ ಇಲ್ಲಿಗೇ ಬಂದು ರೂಮು ಹುಡುಕುತ್ತಾರೆ. ಆಸ್ಪತ್ರೆ, ಕೋರ್ಟು, ಕಾಲೇಜು ಇರುವ ವಿಭಾಗೀಯ ಕೇಂದ್ರಕ್ಕೆ ಮಂದಿ ಬರದೆ ಇನ್ನೆಲ್ಲಿ ಹೋಗಬೇಕು?

ಬಂದವರಿಗೆ ಮನೆ ಬೇಕು. ಅದಕ್ಕೆ ದಾರಿ ಎರಡೇ. ಊರು ಹೊರಗೆ ಹರಡಬೇಕು, ಇಲ್ಲ ಒಳಗೆ ದಟ್ಟವಾಗಬೇಕು.

ಹೊರಗೆ ಹರಡುವುದು ಸುಲಭ ಅನ್ನಿಸುತ್ತದೆ. ರಿಂಗ್ ರೋಡ್ ದಾಟಿ ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ, ಯಾವ ಕಡೆ ಹೋದರೂ ಲೇಔಟಿನ ಕಲ್ಲು ನೆಟ್ಟಿರುವುದು ಕಾಣುತ್ತದೆ. ಆದರೆ ಆ ಕಲ್ಲು ನೆಟ್ಟ ನೆಲ ತೊಗರಿ ಬೆಳೆಯುತ್ತಿದ್ದ ಎರೆ ಭೂಮಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದೇ ತೊಗರಿಯ ಹೊಲ ಎನ್‌ಎ ಆಗುತ್ತಾ ಹೋಗುತ್ತಿದೆ. (1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಹೊಲವನ್ನು ಬೇರೆ ಬಳಕೆಗೆ ಪರಿವರ್ತನೆ ಮಾಡಿಸುವುದನ್ನೇ ಮಂದಿ ಎನ್‌ಎ ಮಾಡಿಸುವುದು ಅಂತಾರೆ.) ಪರಿವರ್ತನೆ ಆದಮೇಲೂ ಎಷ್ಟೋ ವರ್ಷ ಅಲ್ಲಿ ಮನೆ ಬರುವುದಿಲ್ಲ. ರೇಟು ಏರಲಿ ಅಂತ ಪ್ಲಾಟ್ ಹಿಡಿದು ಕೂತವರೇ ಜಾಸ್ತಿ. ಹತ್ತು ಪ್ಲಾಟಿಗೆ ಒಂದು ಮನೆ, ಉಳಿದದ್ದೆಲ್ಲ ಜಾಲಿ. ಆ ಒಂದು ಮನೆಗೂ ಪಾಲಿಕೆ ನೀರು, ಚರಂಡಿ, ಬೀದಿ ದೀಪ, ಕಸದ ಗಾಡಿ ಕೊಡಬೇಕು. ಪೈಪು ಎರಡು ಕಿಲೋಮೀಟರ್ ಎಳೆದರೂ ಬಿಲ್ ಕಟ್ಟುವವರು ಬೆರಳೆಣಿಕೆಯಷ್ಟು. ಆ ಖರ್ಚು ಕೊನೆಗೆ ಹಳೆ ಓಣಿಯವರ ತೆರಿಗೆಯಲ್ಲೂ ಸೇರುತ್ತದೆ.

ಹಾಗಾಗಿ ಊರೊಳಗೆ, ನೀರು, ಶಾಲೆ, ಬಸ್ಸು ಇರುವ ಕಡೆ ಇನ್ನಷ್ಟು ಮನೆ ಆಗುವುದು ಒಳ್ಳೆಯದೇ. ನಮ್ಮ ಓಣಿ ಈಗ ಹೇಗಿದೆಯೋ ಹಾಗೇ ಇರಲಿ ಅನ್ನುವುದು ಮನಸ್ಸಿಗೆ ಹಿತ. ಆದರೆ ಈಗ ಇರುವ ಓಣಿಯೂ ಒಂದು ಕಾಲಕ್ಕೆ ಯಾರದೋ ಹೊಲವಾಗಿತ್ತು ಅಲ್ವಾ?

ಹಳೆಯದು ಅಂದರೆ ಎರಡು ಬಗೆ

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕಲಬುರಗಿಯಲ್ಲಿ ಹಳೆ ಓಣಿಗಳು ಎರಡು ತರಹ ಇವೆ. ಎರಡನ್ನೂ ಒಂದೇ ನಿಯಮದಲ್ಲಿ ಕಟ್ಟಿಹಾಕಲು ಹೋಗಿಯೇ ಅರ್ಧ ತೊಂದರೆ ಆಗಿರುವುದು.

ಒಂದು, ಬ್ರಹ್ಮಪುರ, ಶಹಾಬಜಾರ್‌ನಂಥ ಹಳೆ ಊರು. 1347ರಲ್ಲಿ ಬಹಮನಿಯವರು ರಾಜಧಾನಿ ಮಾಡಿಕೊಂಡ ಊರಿನ ಸುತ್ತಮುತ್ತ ಶತಮಾನಗಳಲ್ಲಿ ಬೆಳೆದ ಗಲ್ಲಿಗಳು. ಇಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಬಾಗಿಲು ತೆರೆದರೆ ನೇರ ಗಲ್ಲಿ. ಬಾಗಿಲ ಎರಡೂ ಪಕ್ಕ ಕಟ್ಟೆ, ಕಟ್ಟೆಗೆ ಶಹಾಬಾದ್ ಫರ್ಸಿ, ಅಂದರೆ ಹಾಸುಗಲ್ಲು. ಆ ಫರ್ಸಿ ಕೂತೂ ಕೂತೂ ನುಣ್ಣಗಾಗಿರುತ್ತದೆ. ಸಂಜೆ ಅಲ್ಲಿ ಮುದುಕರು ಕೂಡುತ್ತಾರೆ, ಹೆಂಗಸರು ಮೆಂತ್ಯ ಸೋಸುತ್ತಾರೆ, ಹುಡುಗರು ಮೊಬೈಲ್ ನೋಡುತ್ತಾರೆ. ಒಳಗೆ ಎರಡು ಅಡಿ ದಪ್ಪದ ಕಲ್ಲಿನ ಗೋಡೆ. ಗಾಳಿ ಬೆಳಕಿಗೆ ನಡುವೆ ಅಂಗಳ. ಹೊರಗೆ ಜಾಗ ಬಿಡುವ ಪದ್ಧತಿಯೇ ಇಲ್ಲ, ಬಿಡುವ ಜಾಗ ಮನೆಯ ಒಳಗಿರುತ್ತದೆ.

ಇನ್ನೊಂದು, ಆಮೇಲೆ ಪ್ಲಾಟ್ ಹಾಕಿ ಹಂಚಿದ ಕಾಲೊನಿಗಳು. ಖೂಬಾ ಪ್ಲಾಟ್, ಎನ್‌ಜಿಒ ಕಾಲೊನಿ, ಜಯನಗರ, ಹೀಗೆ. ಇಲ್ಲಿ ನೇರ ರಸ್ತೆ, ಕಂಪೌಂಡು, ಗೇಟು, ಮುಂದೆ ಒಂದಿಷ್ಟು ಮಣ್ಣು. ಆ ಮಣ್ಣಲ್ಲಿ ಬೇವು, ತೆಂಗು, ದಾಸವಾಳ. ಇಲ್ಲಿ ಅಂಗಳ ಹೊರಗೆ ಬಂದಿದೆ.

ಈಗ ಕಟ್ಟಡ ನಿಯಮ ನೋಡಿ. ಅದು ಬರೆದಿರುವುದು ಎರಡನೆಯ ತರಹದ ಓಣಿಗೆ. ಪ್ಲಾಟಿನ ಅಳತೆ, ಕಟ್ಟಡದ ಎತ್ತರಕ್ಕೆ ತಕ್ಕಂತೆ ಮುಂದೆ, ಹಿಂದೆ, ಪಕ್ಕದಲ್ಲಿ ಇಷ್ಟಿಷ್ಟು ಜಾಗ ಬಿಡಬೇಕು ಅನ್ನುತ್ತದೆ. ಇದೇ ಸೆಟ್‌ಬ್ಯಾಕ್. ಕಾಲೊನಿಯಲ್ಲಿ ಇದು ಸರಿ. ಬೇವಿನ ಮರ ಬದುಕಿರುವುದೇ ಸೆಟ್‌ಬ್ಯಾಕಿನಲ್ಲಿ. ಆದರೆ ಬ್ರಹ್ಮಪುರದ ಗಲ್ಲಿಯಲ್ಲಿ ಹದಿನೈದು ಅಡಿ ಅಗಲದ ಜಾಗ ಇದ್ದವನು ಎರಡೂ ಪಕ್ಕ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು ಒಂಬತ್ತು ಅಡಿ. ಅದರಲ್ಲಿ ಗೋಡೆ ತೆಗೆದರೆ ಮಂಚ ಹಾಕಲಿಕ್ಕೂ ಜಾಗ ಸಾಲದು. ಹಾಗಾಗಿ ಅಲ್ಲಿ ಎಲ್ಲರೂ ನಿಯಮ ಮುರಿದೇ ಕಟ್ಟುತ್ತಾರೆ. ಎಲ್ಲರೂ ಮುರಿಯುವ ಕಡೆ ಎಷ್ಟು ಮುರಿಯಬಹುದು ಅನ್ನುವುದಕ್ಕೆ ಮಿತಿಯೇ ಇರುವುದಿಲ್ಲ. ಮೂರನೇ ಮಹಡಿಯ ಬಾಲ್ಕನಿ ಗಲ್ಲಿಯ ಮೇಲೆ ಬರುತ್ತದೆ, ಎದುರು ಮನೆಯ ಬಾಲ್ಕನಿಯೂ ಬರುತ್ತದೆ, ನಡುವೆ ವಿದ್ಯುತ್ ತಂತಿ ನೇತಾಡುತ್ತದೆ.

ಅಂದರೆ ಕಾಲೊನಿಯಲ್ಲಿ ಉಳಿಸಬೇಕಾದದ್ದು ಮುಂದಿನ ಮಣ್ಣು ಮತ್ತು ಮರ. ಹಳೆ ಊರಲ್ಲಿ ಉಳಿಸಬೇಕಾದದ್ದು ಕಟ್ಟೆ, ಅಂಟು ಗೋಡೆ, ಒಳ ಅಂಗಳ. ಒಂದು ಕಡೆ ಜಾಗ ಬಿಡಿಸಬೇಕು, ಇನ್ನೊಂದು ಕಡೆ ಬಿಡಿಸಬಾರದು. ಹಳೆ ಊರಿಗೆ ಬೇರೆಯದೇ ನಿಯಮ ಬೇಕು ಅಂತ ಮಾಸ್ಟರ್ ಪ್ಲಾನ್ ಮಾಡುವವರ ಮುಂದೆ ಹೇಳಬೇಕಾದ ಮೊದಲ ಮಾತು ಇದು.

ಎಫ್‌ಎಆರ್: ಅದೇ ಹಿಟ್ಟು, ಬೇರೆ ರೊಟ್ಟಿ

ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವುದು ಎಫ್‌ಎಆರ್ ಅನ್ನುವ ಮೂರಕ್ಷರ. ಹೇಳಿದರೆ ಸುಲಭ. ಪ್ಲಾಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ ಅದು, ಎಲ್ಲ ಮಹಡಿ ಸೇರಿಸಿ. 40-60ರ ಪ್ಲಾಟ್ ಅಂದರೆ 2400 ಚದರಡಿ. ಉದಾಹರಣೆಗೆ ಎಫ್‌ಎಆರ್ 1.75 ಅಂದುಕೊಳ್ಳಿ. ಆಗ ಒಟ್ಟು 4200 ಚದರಡಿ ಕಟ್ಟಬಹುದು. ರಸ್ತೆ ಅಗಲವಾದಷ್ಟೂ ಎಫ್‌ಎಆರ್ ಹೆಚ್ಚು ಸಿಗುವ ಹಾಗೆ ನಿಯಮ ಇರುತ್ತದೆ. ಅಗಲದ ರಸ್ತೆಗೆ ಜಾಸ್ತಿ ಮಂದಿಯನ್ನು, ಗಾಡಿಯನ್ನು ತಡೆದುಕೊಳ್ಳುವ ಶಕ್ತಿ ಇದೆ ಅನ್ನುವುದು ಅದರ ತರ್ಕ.

ಇದು ಒಂದು ಉಂಡೆ ಜೋಳದ ಹಿಟ್ಟಿನ ಹಾಗೆ. ಅಗಲಕ್ಕೆ ತಟ್ಟಿದರೆ ರೊಟ್ಟಿ ತೆಳ್ಳಗೆ, ಸಣ್ಣದಾಗಿ ತಟ್ಟಿದರೆ ದಪ್ಪ. ಹಿಟ್ಟು ಅಷ್ಟೇ.

ಅದೇ 4200 ಚದರಡಿಯನ್ನು ಎರಡೇ ಮಹಡಿಯಲ್ಲಿ ಕಟ್ಟಿದರೆ ಒಂದೊಂದು ಮಹಡಿ 2100 ಚದರಡಿ. ಅಂದರೆ ಪ್ಲಾಟಿನ ಎಂಟನೇ ಏಳು ಭಾಗ ಕಟ್ಟಡವೇ. ಮರ ಹೋಯಿತು, ಮಣ್ಣು ಹೋಯಿತು, ಗಾಡಿ ರಸ್ತೆಗೆ ಬಂತು. ಅದನ್ನೇ ನಾಲ್ಕು ಮಹಡಿಯಲ್ಲಿ ಕಟ್ಟಿದರೆ ಒಂದೊಂದು 1050 ಚದರಡಿ. ಪ್ಲಾಟಿನ ಅರ್ಧಕ್ಕಿಂತ ಜಾಸ್ತಿ ಖಾಲಿ ಉಳಿಯುತ್ತದೆ. ಮುಂದೆ ಬೇವು ನಿಲ್ಲುತ್ತದೆ, ಗಾಡಿ ಒಳಗೆ ನಿಲ್ಲುತ್ತದೆ, ಪಕ್ಕದ ಮನೆಯ ಅಡುಗೆಮನೆ ಕಿಟಕಿಗೆ ಗಾಳಿ ಬರುತ್ತದೆ.

ಹಾಗಾಗಿ ಎತ್ತರ ಬೇಡ, ಎರಡು ಮಹಡಿ ಸಾಕು ಅಂತ ಹಟ ಹಿಡಿದ ಓಣಿಗೆ ಹೊಟ್ಟೆ ಉಬ್ಬಿದ ಎರಡು ಮಹಡಿಯ ಕಟ್ಟಡಗಳೇ ಸಿಗುತ್ತವೆ. ನಾಲ್ಕು ಮಹಡಿಗೂ ಅದರದೇ ತೊಂದರೆ ಇದೆ, ಇಲ್ಲ ಅನ್ನುವುದಿಲ್ಲ. ಮೇಲಿನಿಂದ ಪಕ್ಕದವರ ಹಿತ್ತಲು ಪೂರ್ತಿ ಕಾಣುತ್ತದೆ, ಮಾಳಿಗೆ ಮೇಲೆ ಹಪ್ಪಳ ಹಾಕುವ ಹೆಂಗಸರಿಗೆ ಕಿರಿಕಿರಿ. ಆದರೆ ಕಿಟಕಿ ಎಲ್ಲಿ ಬರಬೇಕು, ಎಷ್ಟು ಎತ್ತರಕ್ಕೆ ಬರಬೇಕು ಅನ್ನುವುದರಿಂದ ಅದನ್ನು ಸರಿಮಾಡಬಹುದು. ಹೋದ ಮರವನ್ನು ಹಾಗೆ ಸರಿಮಾಡಲು ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ದಾಟುವ ಊರಲ್ಲಿ ಮರ ಅನ್ನುವುದು ಅಲಂಕಾರದ ಮಾತಲ್ಲ. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರ ಕಡಿಯಲಿಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಅದನ್ನು ಕೇಳುವವರು ಎಷ್ಟು ಮಂದಿ ಅಂತ ನಿಮಗೇ ಗೊತ್ತು.

ಹಣ ಕಟ್ಟಿ ಹೆಚ್ಚುವರಿ ಎಫ್‌ಎಆರ್ ಪಡೆಯುವ ದಾರಿಯೂ ಈಗ ರಾಜ್ಯದ ಕಾನೂನಿನಲ್ಲಿ ಬಂದಿದೆ, ಪ್ರೀಮಿಯಂ ಎಫ್‌ಎಆರ್ ಅಂತ. ನನಗೆ ಅದರ ಬಗ್ಗೆ ಇರುವ ತಕರಾರು ಒಂದೇ. ಹಾಗೆ ಬಂದ ದುಡ್ಡು ಆ ಓಣಿಯ ಚರಂಡಿಗೇ ಹೋಗಬೇಕು, ಬೇರೆ ಎಲ್ಲಿಗೂ ಅಲ್ಲ.

ನೆಲದೊಳಗಿನ ಲೆಕ್ಕ

ಓಣಿಯವರ ದೂರಿನಲ್ಲಿ ನಿಜವಾದ ಭಾರ ಇರುವುದು ಇಲ್ಲಿ. ಆದರೆ ಅರ್ಜಿಯಲ್ಲಿ ಇದು ಬರುವುದೇ ಕಡಿಮೆ.

ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಲೆಕ್ಕ ಹಿಡಿಯುತ್ತಾರೆ. ಐದು ಮಂದಿಯ ಹಳೆ ಮನೆಗೆ 675 ಲೀಟರ್. ಅದೇ ಜಾಗದಲ್ಲಿ ಎಂಟು ಫ್ಲ್ಯಾಟ್ ಬಂದು ಒಂದೊಂದರಲ್ಲಿ ನಾಲ್ಕು ಮಂದಿ ಇದ್ದರೆ 32 ಮಂದಿ, 4320 ಲೀಟರ್. ಆರು ಪಟ್ಟಿಗಿಂತ ಜಾಸ್ತಿ. ಅದರಲ್ಲಿ ಸುಮಾರು ನೂರಕ್ಕೆ ಎಂಬತ್ತು ಭಾಗ ಕೊಳಚೆ ನೀರಾಗಿ ವಾಪಸ್ ಬರುತ್ತದೆ, ಸುಮಾರು 3450 ಲೀಟರ್. ರಸ್ತೆಯ ಕೆಳಗಿನ ಪೈಪು ಮಾತ್ರ ಐದು ಮಂದಿಯ ಕಾಲದ್ದೇ.

ಕಲಬುರಗಿಗೆ ಕುಡಿಯುವ ನೀರು ಭೀಮಾ ಮತ್ತು ಬೆಣ್ಣೆತೊರಾದಿಂದ ಬರುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆಗೆ ನಮ್ಮ ಊರಿನ ಕೆಲವು ವಾರ್ಡುಗಳಲ್ಲೂ ವಿಶ್ವಬ್ಯಾಂಕ್ ನೆರವಿನಿಂದ 24 ತಾಸು ನೀರಿನ ಪ್ರಯೋಗ ಮಾಡಿ ತೋರಿಸಿದ್ದರು. ಉಳಿದ ಕಡೆ ನೀರು ಬಿಡುವ ದಿನಕ್ಕೆ ಕಾಯುವುದು ಇಲ್ಲಿಯವರಿಗೆ ರೂಢಿ. ನೀರು ಮೂರು ದಿನಕ್ಕೊಮ್ಮೆ ಬಂದರೆ ಎಂಟು ಫ್ಲ್ಯಾಟಿನ ಕಟ್ಟಡಕ್ಕೆ ಸುಮಾರು 13,000 ಲೀಟರ್ ಹಿಡಿಯುವ ಸಂಪ್ ಬೇಕು. ಅಂದರೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಆರು ಅಡಿ ಆಳ. ಪ್ಲಾನಿನಲ್ಲಿ ಅಷ್ಟು ದೊಡ್ಡ ಸಂಪ್ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಏನಾಗುತ್ತದೆ ಅಂದರೆ, ನೀರು ಬಿಟ್ಟ ತಕ್ಷಣ ಆ ಕಟ್ಟಡದ ಮೋಟಾರ್ ಲೈನಿನಿಂದಲೇ ಎಳೆಯಲು ಶುರು ಮಾಡುತ್ತದೆ. ಓಣಿಯ ಕೊನೆಯ ಮನೆಯ ನಲ್ಲಿ ಬರೀ ಗಾಳಿ ಬಿಡುತ್ತದೆ. ಆಮೇಲೆ ಟ್ಯಾಂಕರ್. ಇಪ್ಪತ್ತು ಅಡಿ ರಸ್ತೆಯಲ್ಲಿ ಟ್ಯಾಂಕರ್ ನಿಂತರೆ ಆಂಬುಲೆನ್ಸ್ ಹೋಗುವುದಿಲ್ಲ.

ಜೆಸ್ಕಾಂ ಟ್ರಾನ್ಸ್‌ಫಾರ್ಮರ್‌ಗೂ ಇದೇ ಮಾತು. ಬೇಸಿಗೆ ರಾತ್ರಿ ಎಂಟು ಫ್ಲ್ಯಾಟಿನ ಎಸಿ ಒಟ್ಟಿಗೆ ಓಡುವುದನ್ನು ಲೆಕ್ಕ ಹಾಕಿಕೊಳ್ಳಿ.

ಇನ್ನು ಮಣ್ಣು. ಕಲಬುರಗಿಯ ಬಹುಭಾಗ ಎರೆ ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನಿಂತ ಗೋಡೆಯೂ ಅದರ ಜೊತೆ ಏರಿಳಿಯುತ್ತದೆ. ಅದಕ್ಕೇ ಇಲ್ಲಿಯ ಮೇಸ್ತ್ರಿಗಳು ಎರೆ ಮಣ್ಣು ತೆಗೆದು ಗಟ್ಟಿ ನೆಲ ಸಿಗುವವರೆಗೆ ತೋಡುತ್ತಾರೆ, ಮುರುಮ್ (ಕಲ್ಲು ಬೆರೆತ ಗರಸು ಮಣ್ಣು) ತುಂಬಿ ಗಟ್ಟಿಮಾಡುತ್ತಾರೆ. ಹಳೆ ಮನೆಗಳ ಪಾಯ ಅಷ್ಟು ಆಳಕ್ಕೆ ಹೋಗಿರುವುದಿಲ್ಲ. ಪಕ್ಕದಲ್ಲಿ ಸೆಲ್ಲಾರ್‌ಗೆ ಅಂತ ಹತ್ತು ಅಡಿ ನೇರ ತೋಡಿದರೆ, ಹಳೆ ಪಾಯವನ್ನು ಪಕ್ಕದಿಂದ ಒತ್ತಿ ಹಿಡಿದಿದ್ದ ಮಣ್ಣೇ ಹೋಗುತ್ತದೆ. ಜೂನ್‌ನಲ್ಲಿ ಗುಂಡಿ ತೆರೆದಿಟ್ಟು ಒಂದು ದೊಡ್ಡ ಮಳೆ ಬಿದ್ದರೆ ಮುಗಿಯಿತು. ಮೂಲೆಯಿಂದ ಓರೆಯಾಗಿ ಬಿರುಕು ಬರುತ್ತದೆ, ಬಾಗಿಲು ಚೌಕಟ್ಟಿಗೆ ತಾಗುತ್ತದೆ. ಮುಂದಿನದು ಬರೀ ವಾದ: "ಬಿರುಕು ಮೊದಲೇ ಇತ್ತು ಕಾಕಾ, ನಮ್ಮಿಂದ ಆಗಿಲ್ಲ."

ಕಾನೂನಿನಲ್ಲಿ ಇದಕ್ಕೆ ಹಿಡಿತ ಇಲ್ಲ ಅನ್ನುವಂತಿಲ್ಲ. ಇಪ್ಪತ್ತು ವರ್ಷ ತಡೆಯಿಲ್ಲದೆ ಪಡೆದುಕೊಂಡು ಬಂದ ಗಾಳಿ, ಬೆಳಕು, ಪಕ್ಕದ ನೆಲದ ಆಸರೆ ಹಕ್ಕಾಗಿ ಗಟ್ಟಿಯಾಗುತ್ತದೆ ಅನ್ನುವುದು ಈಸ್ಮೆಂಟ್ ಕಾನೂನಿನ ಹಳೆ ತತ್ವ. ಆದರೆ ಕೋರ್ಟಿಗೆ ಪುರಾವೆ ಬೇಕು. ಹಾಗಾಗಿ ಪಕ್ಕದಲ್ಲಿ ಮನೆ ಒಡೆಯುವ ಸುದ್ದಿ ಬಂದ ದಿನವೇ ನಿಮ್ಮ ಗೋಡೆಗಳ ಫೋಟೊ ತಾರೀಖಿನ ಸಮೇತ ತೆಗೆದಿಡಿ. ಸಾಧ್ಯವಾದರೆ ಇಬ್ಬರೂ ಸೇರಿ ಒಬ್ಬ ಎಂಜಿನಿಯರ್ ಕರೆಸಿ ಬರೆಸಿಕೊಳ್ಳಿ. ಮಳೆಗಾಲ ಮುಗಿಯುವವರೆಗೆ ತೋಡಬೇಡಿ ಅಂತ ಕೇಳಿ. ಮಹಡಿ ಕಡಿಮೆ ಮಾಡಿ ಅಂತ ಕೇಳುವುದಕ್ಕಿಂತ ಇದು ನಡೆಯುವ ಮಾತು.

ಸ್ಮಾರಕದ ನೆರಳಲ್ಲಿ

ಕೋಟೆ, ಅದರೊಳಗಿನ 1367ರ ಜಾಮಾ ಮಸೀದಿ, ಹಫ್ತ್ ಗುಂಬಜ್ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅನುಮತಿಯೇ ಇಲ್ಲ, ಆಮೇಲಿನ 200 ಮೀಟರ್‌ನಲ್ಲಿ ಅನುಮತಿ ಪಡೆದು ಕಟ್ಟಬೇಕು. 100 ಮೀಟರ್ ಒಳಗೆ ಇರುವ ಮನೆಯ ರಿಪೇರಿಗೂ ಅನುಮತಿ ಬೇಕು. ಸ್ಮಾರಕಕ್ಕೆ ಇದು ಸರಿ. ಆದರೆ ಅಲ್ಲಿ ತಲೆಮಾರುಗಳಿಂದ ಇರುವ ಬಡವರ ಮಾಳಿಗೆ ಸೋರಿದರೆ ಆ ಕಾಗದದ ಓಡಾಟ ಯಾರು ಮಾಡಬೇಕು? ಸುಮ್ನೆ ತಗಡು ಹೊದಿಸಿ ಕೂಡುತ್ತಾರೆ. ರಕ್ಷಣೆ ಅನ್ನುವುದು ಬರೀ ತಡೆಯಾದರೆ ಓಣಿ ಉಳಿಯುವುದಿಲ್ಲ, ನಿಧಾನಕ್ಕೆ ಕುಸಿಯುತ್ತದೆ.

ಬೀದರ್‌ನ ಕತೆ ಇನ್ನೂ ಆಳದ್ದು, ಅಕ್ಷರಶಃ. ಬಹಮನಿ ರಾಜಧಾನಿ 15ನೇ ಶತಮಾನದಲ್ಲಿ ಅಲ್ಲಿಗೆ ಹೋದ ಮೇಲೆ ಪರ್ಷಿಯಾದ ತಂತ್ರದಲ್ಲಿ ನೆಲದಡಿ ಸುರಂಗ ತೋಡಿ ನೀರು ತಂದರು. ಅದೇ ಕರೇಜ್, ಊರ ಮಂದಿಯ ಬಾಯಲ್ಲಿ ಸುರಂಗ ಬಾವಿ. ನೌಬಾದ್ ಕಡೆ ಆ ಸುರಂಗದ ಉದ್ದಕ್ಕೂ ಗಾಳಿ ಬೆಳಕಿಗೆ ಬಾವಿಯಂಥ ಕಿಂಡಿಗಳಿವೆ. ಊರು ಬೆಳೆದಂತೆ ಕೆಲವು ಕಿಂಡಿಗಳು ಮುಚ್ಚಿಹೋದವು, ಮೇಲೆ ಕಟ್ಟಡಗಳು ಬಂದವು. ನಂತರ ಹೂಳು ತೆಗೆದಾಗಲೇ ಅಲ್ಲಿ ಏನಿತ್ತು ಅನ್ನುವುದು ಹೊಸ ಮಂದಿಗೆ ಗೊತ್ತಾದದ್ದು. 2014ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಯಲ್ಲಿ ಬೀದರ್ ನಗರದ ಹೆಸರು ಸೇರಿತ್ತು. ಅಲ್ಲಿ ಕೆಟ್ಟ ಉದ್ದೇಶ ಯಾರಿಗೂ ಇರಬೇಕಾಗಿರಲಿಲ್ಲ. ಪ್ಲಾನಿನ ಕಾಗದದಲ್ಲಿ ನೆಲದ ಕೆಳಗಿನ ನಕ್ಷೆಯೇ ಇರಲಿಲ್ಲ ಅಂದಮೇಲೆ ಪ್ಲಾಟ್ ಕೊಂಡವನಿಗೆ ಹೇಗೆ ಗೊತ್ತಾಗಬೇಕು?

ಎಲ್ಲಿ ಮಾತಾಡಬೇಕು

ಚಂಡೀಗಢದಲ್ಲಿ ಇದೇ ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. ಒಂದು ಕುಟುಂಬಕ್ಕೆ ಅಂತ ಇದ್ದ ಪ್ಲಾಟಿನಲ್ಲಿ ಮೂರು ಮಹಡಿ ಕಟ್ಟಿ ಮೂವರಿಗೆ ಮಾರುವುದು ಅಲ್ಲಿ ರೂಢಿಯಾಗಿತ್ತು. 2023ರ ಜನವರಿಯಲ್ಲಿ ಕೋರ್ಟು, ಚಂಡೀಗಢದ ಮೊದಲ ಹಂತದ ಸೆಕ್ಟರ್‌ಗಳಲ್ಲಿ ಹೀಗೆ ಮನೆಯನ್ನು ಅಪಾರ್ಟ್‌ಮೆಂಟ್ ಮಾಡುವುದನ್ನು ತಡೆಯಿತು. ನಗರಗಳು ಬೆಳೆಯುವಾಗ ಪರಿಸರದ ಪರಿಣಾಮ ನೋಡಬೇಕು ಅಂತಲೂ ಹೇಳಿತು. ನಮ್ಮ ಓಣಿಗೂ ಇದೇ ತೀರ್ಪು ಅನ್ವಯಿಸಿ ಅಂತ ಕೆಲವರು ಹೇಳಬಹುದು. ಅದು ಅಷ್ಟು ಸರಳ ಅಲ್ಲ. ಚಂಡೀಗಢ ಒಂದೇ ಕೈಯಲ್ಲಿ ನಕ್ಷೆ ಬರೆದ ಊರು, ಮೊದಲ ಹಂತಕ್ಕೆ ಪರಂಪರೆಯ ಪಟ್ಟ ಇದೆ. ಕಲಬುರಗಿ ಹಾಗೆ ಹುಟ್ಟಿದ್ದಲ್ಲ. ಇಲ್ಲಿ ಅಂಗಡಿ, ಮನೆ, ಗುಡಿ, ದರ್ಗಾ ಎಲ್ಲ ಮೊದಲಿನಿಂದ ಒಂದರೊಳಗೊಂದು.

ನಮ್ಮಲ್ಲಿ ದಾರಿ ಬೇರೆ. ಯಾವ ಜಾಗದಲ್ಲಿ ಏನು ಬರಬೇಕು ಅನ್ನುವುದು ಮಾಸ್ಟರ್ ಪ್ಲಾನ್. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಅದನ್ನು ನಗರಾಭಿವೃದ್ಧಿ ಪ್ರಾಧಿಕಾರ ಮಾಡುತ್ತದೆ, ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ವಾಸದ ಜಾಗವನ್ನು ವಾಣಿಜ್ಯಕ್ಕೆ ಬದಲಿಸುವಾಗಲೂ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಆ ಸಣ್ಣಕ್ಷರದ ಪ್ರಕಟಣೆ ಓದುವವರು ಕಡಿಮೆ. ಕಟ್ಟಡದ ಲೈಸೆನ್ಸ್ ಕೊಡುವುದು ಪಾಲಿಕೆ. ಕಟ್ಟಲು ಶುರುವಾದ ಮೇಲೆ ಮಂಜೂರಾದ ನಕ್ಷೆ ಪ್ರಕಾರ ಇದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 3 ಲಕ್ಷ ಇಲ್ಲವೇ ಅದಕ್ಕಿಂತ ಜಾಸ್ತಿ ಮಂದಿ ಇರುವ ನಗರಕ್ಕೆ ವಾರ್ಡ್ ಸಮಿತಿ ಬೇಕು ಅಂತ ಸಂವಿಧಾನದ 243ಎಸ್ ಹೇಳುತ್ತದೆ. ಸಂಪ್, ಮರ, ಪಾರ್ಕಿಂಗಿನ ಮಾತು ಅಲ್ಲಿ ಆಡುವಂಥದ್ದು.

ಫ್ಲ್ಯಾಟ್ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾನೂನು ಕಾಯುತ್ತದೆ ಅಂತ ನಂಬಿಕೊಂಡವರಿಗೆ ಒಂದು ಮಾತು. ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲ ಫ್ಲ್ಯಾಟ್ ಎಂಟಕ್ಕಿಂತ ಜಾಸ್ತಿ ಇಲ್ಲದಿದ್ದರೆ 2016ರ ರೇರಾದಲ್ಲಿ ನೋಂದಣಿ ಬೇಕಿಲ್ಲ. 40-60ರ ಪ್ಲಾಟ್ ಸುಮಾರು 223 ಚದರ ಮೀಟರ್. ಅಂದರೆ ಹಳೆ ಕಾಲೊನಿಗಳಲ್ಲಿ ಬರುತ್ತಿರುವ ಇಂಥ ಕಟ್ಟಡಗಳು ರೇರಾದ ಹೊರಗೇ ಉಳಿಯುತ್ತವೆ. ಕೊಳ್ಳುವವರೂ ಇದನ್ನು ತಿಳಿದುಕೊಂಡಿರಬೇಕು.

ಆಮೇಲೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಂಡರಾಯಿತು ಅನ್ನುವ ಧೈರ್ಯವೂ ಬೇಡ. ಅಕ್ರಮ-ಸಕ್ರಮಕ್ಕೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಇನ್ನೊಂದು ತೀರ್ಪಿನಲ್ಲಿ, ಕಟ್ಟಡ ಪೂರ್ಣವಾದ ಪ್ರಮಾಣಪತ್ರ ನೋಡಿಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕು ಅಂತ ಹೇಳಿತು.

ಏನು ಕೇಳಬಹುದು

ನನಗೆ ಓಣಿಯ ಪರವಾಗಿ ಬಿಲ್ಡರ್ ಮುಂದೆ ಕೂಡುವ ಅವಕಾಶ ಇದ್ದರೆ ಮಹಡಿ ಬಗ್ಗೆ ಮಾತೇ ಎತ್ತುವುದಿಲ್ಲ. ಮುಂದಿನ ಮರ ಉಳಿಸಿ, ಕಟ್ಟಡವನ್ನು ಆರಡಿ ಹಿಂದೆ ತಗೊಳ್ಳಿ ಅನ್ನುತ್ತೇನೆ. ಕಂಪೌಂಡ್ ಎದೆ ಎತ್ತರಕ್ಕೆ ನಿಲ್ಲಲಿ. ಗಾಡಿಗೆ ಕೆಳಗೆ ಸ್ಟಿಲ್ಟ್ (ಬರೀ ಕಂಬಗಳಿರುವ ಖಾಲಿ ನೆಲಮಹಡಿ) ಬೇಕೇಬೇಕು, ಒಪ್ಪಿದೆ. ಆದರೆ ರಸ್ತೆ ಕಡೆ ಪೂರ್ತಿ ಕಬ್ಬಿಣದ ಶಟರ್ ಎಳೆದು ಕತ್ತಲು ಮಾಡಬೇಡಿ. ಗೇಟಿನ ಪಕ್ಕ ಫರ್ಸಿ ಹಾಕಿದ ಒಂದು ಕಟ್ಟೆ ಬಿಡಿ. ವಾಚ್‌ಮನ್ ಕೂಡಲಿ, ಹಾಲಿನವನು ಕೂಡಲಿ, ಮಂದಿ ಕೂತ ಕಡೆ ಕಳ್ಳತನವೂ ಕಡಿಮೆ. ಸಂಪಿನ ಅಳತೆ ತೋರಿಸಿ. ಮಾಳಿಗೆಯ ಮಳೆ ನೀರು ನೆಲಕ್ಕೆ ಇಳಿಯುವ ಹಾಗೆ ಮಾಡಿ, ಆದರೆ ಇಂಗುಗುಂಡಿ ನನ್ನ ಪಾಯದ ಪಕ್ಕ ಬೇಡ. ಎರೆ ಮಣ್ಣಿಗೆ ನೀರು ಕುಡಿಸಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನಲ್ಲ.

ಮತ್ತೆ, ಫ್ಲ್ಯಾಟ್ ಅಂತ ಹೇಳಿ ಪಿಜಿ ಮಾಡಬೇಡಿ. ಪಿಜಿ ಬೇಡ ಅಂತ ಅಲ್ಲ, ಓದಲು ಬಂದ ಹುಡುಗಿಯರಿಗೆ ರೂಮು ಬೇಕೇ ಬೇಕು. ಆದರೆ 32 ಮಂದಿಗೆ ಅಂತ ಲೆಕ್ಕ ಹಾಕಿದ ಸಂಪಿನಲ್ಲಿ 80 ಮಂದಿ ಸ್ನಾನ ಮಾಡಿದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಮನೆಯ ಗ್ರೌಂಡ್ ಫ್ಲೋರ್‌ನಲ್ಲಿ ಕೋಚಿಂಗ್ ಕ್ಲಾಸ್, ಸಣ್ಣ ಆಸ್ಪತ್ರೆ ಬಂದರೂ ಅಷ್ಟೇ. ಎರಡು ಮಹಡಿಯ ನರ್ಸಿಂಗ್ ಹೋಮ್ ಓಣಿಗೆ ಕೊಡುವ ತ್ರಾಸ ಐದು ಮಹಡಿಯ ಫ್ಲ್ಯಾಟ್ ಕೊಡುವುದಿಲ್ಲ. ಅಗಲದ ರಸ್ತೆಗಳ ಬದಿಗೆ ಇಂಥವಕ್ಕೆ ಜಾಗ ಗುರುತಿಸಿ, ಒಳ ಗಲ್ಲಿಗಳನ್ನು ಮನೆಗೆ ಬಿಡುವುದು ಮಾಸ್ಟರ್ ಪ್ಲಾನಿನ ಕೆಲಸ.

ಇಷ್ಟಕ್ಕೆ ಬಿಲ್ಡರ್ ಒಪ್ಪುತ್ತಾನಾ? ಕೆಲವದಕ್ಕೆ ಖಂಡಿತ ಒಪ್ಪುತ್ತಾನೆ. ಮರ ಉಳಿಸಿದರೆ ಎರಡು ಫ್ಲ್ಯಾಟ್ ಕಳೆದುಕೊಳ್ಳಬೇಕಿಲ್ಲ, ಒಂದು ಮಹಡಿ ಮೇಲೆ ಹೋದರೆ ಸಾಕು. ಅದಕ್ಕೆ ಓಣಿಯವರು ಒಪ್ಪಬೇಕು, ನಿಯಮದಲ್ಲೂ ಜಾಗ ಇರಬೇಕು. ಇವತ್ತಿನ ಎತ್ತರದ ನಿಯಮ ಅಷ್ಟು ಬಿಡುಗಡೆ ಕೊಡದಿದ್ದರೆ, ಕೊಡಿ ಅಂತ ಆಕ್ಷೇಪಣೆ ಸಲ್ಲಿಸುವವರು ಓಣಿಯವರೇ ಆಗಬಹುದು. ಅಂಥ ಅರ್ಜಿ ಬಂದರೆ ಪ್ರಾಧಿಕಾರದ ಟೇಬಲ್ ಮೇಲೆ ಅದು ಎದ್ದು ಕಾಣುತ್ತದೆ, ಅಲ್ಲಿಗೆ ಬರುವ ಅರ್ಜಿಗಳೆಲ್ಲ ಹೆಚ್ಚಾಗಿ ಬೇಡ ಅನ್ನುವವೇ.

ಮತ್ತೊಂದು. ಈ ಮಾತುಕತೆಗೆ ಕೂಡುವವರು ಸಾಮಾನ್ಯವಾಗಿ ಮನೆ ಇದ್ದವರು. ವರ್ಗವಾಗಿ ಬಂದ ಶಿಕ್ಷಕಿ, ಆಸ್ಪತ್ರೆಯ ನರ್ಸ್, ಹೊಸದಾಗಿ ಮದುವೆಯಾಗಿ ಎರಡು ಖೋಲಿ ಹುಡುಕುವವರು ಇಲ್ಲಿ ಇರುವುದಿಲ್ಲ, ಯಾಕಂದರೆ ಅವರು ಇನ್ನೂ ಆ ಓಣಿಗೆ ಬಂದೇ ಇಲ್ಲ. ಈಗಾಗಲೇ ಬಾಡಿಗೆಗೆ ಇರುವವರು ಇದ್ದಾರಲ್ಲ, ಮುಂದಿನ ಸಭೆಗೆ ಅವರನ್ನಾದರೂ ಕರೆಯಿರಿ. ಬಾಡಿಗೆ ಎಷ್ಟು ಏರಿದೆ, ನೀರು ಯಾವ ಮನೆಗೆ ಬರುವುದಿಲ್ಲ, ಗಾಡಿ ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.